ಬೇ ಸ್ಟ್ರೀಟಿನ ಏಳು ಹಸುಗಳು ಮತ್ತು ನಮ್ಮ ಡೌನ್ ಪೇಮೆಂಟ್ ದುಡ್ಡು

ಟೊರಾಂಟೊದ ಯೂನಿಯನ್ ಸ್ಟೇಷನ್ನಿನಲ್ಲಿ ಟ್ರೈನ್ ಇಳಿದು ಫ್ರಂಟ್ ಸ್ಟ್ರೀಟಿಗೆ ಬಂದರೆ ಎದುರಿಗೇ ಬಂಗಾರದ ಬಣ್ಣದ ಕಟ್ಟಡ. ಬಣ್ಣ ಅಂದೆ, ಆದರೆ ಅದು ನಿಜವಾದ ಬಂಗಾರವೇ. ರಾಯಲ್ ಬ್ಯಾಂಕ್ ಪ್ಲಾಜಾದ ಸುಮಾರು 14,000 ಕಿಟಕಿ ಗಾಜುಗಳಿಗೆ 1970ರ ದಶಕದಲ್ಲಿ 2,500 ಔನ್ಸ್ ಚಿನ್ನದ ತೆಳು ಲೇಪ ಕೊಟ್ಟಿದ್ದಾರೆ. ಎಪ್ಪತ್ತು ಕೆ.ಜಿ.ಗೂ ಹೆಚ್ಚು! ಬಿಸಿಲಿನ ಶಾಖ ಒಳಗೆ ಬರಬಾರದು, ಚಳಿಗಾಲದಲ್ಲಿ ಒಳಗಿನ ಬೆಚ್ಚಗೆ ಹೊರಗೆ ಹೋಗಬಾರದು ಅಂತ. ವಿಡಿಯೊ ಕಾಲ್‌ನಲ್ಲಿ ತೋರಿಸಿದಾಗ ಉಡುಪಿಯಲ್ಲಿದ್ದ ಅಮ್ಮ ಒಂದು ಕ್ಷಣ ಸುಮ್ಮನಾದರು. ಆಮೇಲೆ, "ಅಷ್ಟು ಚಿನ್ನ ಗಾಜಿಗೆ ಬಳಿದ್ದಾ? ಹಾಗಾದ್ರೆ ಆ ಬ್ಯಾಂಕಲ್ಲಿ ದುಡ್ಡಿಟ್ರೆ ಎಂತ ಹೆದರಿಕೆ ಇಲ್ಲ ಬಿಡು" ಅಂದರು.

ಅಮ್ಮ ತಮಾಷೆಗೆ ಹೇಳಿದ ಮಾತೇ ನಮ್ಮ ಮನೆಯಲ್ಲಿ ತಿಂಗಳಿಂದ ನಡೆಯುತ್ತಿದ್ದ ಚರ್ಚೆ. ನಾನು, ಗಂಡ ಇಬ್ಬರೂ ಇಲ್ಲಿಗೆ ಬಂದು ನಾಲ್ಕು ವರ್ಷ. ಮಿಸ್ಸಿಸಾಗದಲ್ಲಿ ಬಾಡಿಗೆ ಮನೆ. ಹೊರಗಿನ ಊಟ ಕಡಿಮೆ ಮಾಡಿ, ಊರಿಗೆ ಹೋಗೋದನ್ನು ಒಂದು ವರ್ಷ ಮುಂದೂಡಿ, 58,000 ಡಾಲರ್ ಸೇರಿಸಿದ್ದೇವೆ. ಇನ್ನೆರಡು ಮೂರು ವರ್ಷದಲ್ಲಿ ಒಂದು ಸಣ್ಣ ಕಾಂಡೊಗೆ ಡೌನ್ ಪೇಮೆಂಟ್ ಅಂತ. ಗಂಡನ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಂತ್ರ: ಕೆನಡಾದ ಬ್ಯಾಂಕ್ ಷೇರು ತಗೋ, ಮರೆತುಬಿಡು. ವರ್ಷಕ್ಕೆ ಶೇ 4-5 ಡಿವಿಡೆಂಡ್ ಬರುತ್ತೆ, ಷೇರಿನ ಬೆಲೆ ಏರಿದರೆ ಅದು ಬೋನಸ್. ನನಗೆ ಒಪ್ಪಿಗೆ ಇರಲಿಲ್ಲ, ಹಾಗಂತ ಬೇಡ ಅನ್ನಲು ಗಟ್ಟಿ ಕಾರಣವೂ ಗೊತ್ತಿರಲಿಲ್ಲ. ಅದಕ್ಕೇ ಅಕ್ಟೋಬರಿನ ಒಂದು ಶನಿವಾರ, ಈ ಬ್ಯಾಂಕುಗಳು ಇರೋ ಬೀದಿಯನ್ನೇ ಒಮ್ಮೆ ನಡೆದು ನೋಡೋಣ ಅಂತ ಇಬ್ಬರೂ ಹೊರಟೆವು. ಬೇ ಸ್ಟ್ರೀಟ್ ಅಂದರೆ ಇಲ್ಲಿನ ದಲಾಲ್ ಸ್ಟ್ರೀಟ್.

ವಾರಾಂತ್ಯದಲ್ಲಿ ಆ ಬೀದಿ ಖಾಲಿ ಖಾಲಿ. ಗಾಳಿ ಮಾತ್ರ ಕಟ್ಟಡಗಳ ನಡುವೆ ಸುಂಯ್ ಅಂತ ನುಗ್ಗುತ್ತೆ. ಕಿಂಗ್ ಸ್ಟ್ರೀಟ್ ಬಂದು ಬೇ ಸ್ಟ್ರೀಟನ್ನು ಸೇರುವ ಜಾಗಕ್ಕೆ ಹಳೆಯ ಜನ 'ಮಿಂಟ್ ಕಾರ್ನರ್' ಅಂತಾರೆ. ಮಿಂಟ್ ಅಂದರೆ ಟಂಕಸಾಲೆ, ನಾಣ್ಯ ಅಚ್ಚು ಹಾಕುವ ಜಾಗ. ಆದರೆ ಇದು ನಾಲ್ಕು ಬ್ಯಾಂಕುಗಳ ಮೊದಲ ಅಕ್ಷರ ಸೇರಿಸಿ ಮಾಡಿದ ಹೆಸರು: ಮಾಂಟ್ರಿಯಲ್, ಇಂಪೀರಿಯಲ್, ನೋವಾ ಸ್ಕೋಷಿಯಾ, ಟೊರಾಂಟೊ. ಒಂದು ಸಿಗ್ನಲ್ಲಿನ ಸುತ್ತ ನಾಲ್ಕು ಬ್ಯಾಂಕು. ವಾಯವ್ಯಕ್ಕೆ ಬ್ಯಾಂಕ್ ಆಫ್ ಮಾಂಟ್ರಿಯಲ್‌ನ 72 ಮಹಡಿಯ ಬಿಳಿ ಗೋಪುರ, ಎದುರಿಗೆ ಟಿಡಿ ಬ್ಯಾಂಕಿನ ಕಪ್ಪು ಗೋಪುರಗಳು, ಈಚೆಗೆ ಸಿಐಬಿಸಿಯ ಕಾಮರ್ಸ್ ಕೋರ್ಟ್, ಅದರ ಎದುರು ಸ್ಕೋಷಿಯಾದ ಹಳೆಯ ಕಟ್ಟಡ, ಪಕ್ಕದಲ್ಲಿ ಕೆಂಪು ಗ್ರಾನೈಟಿನ ಸ್ಕೋಷಿಯಾ ಪ್ಲಾಜಾ. ಈಗ ಕೆಲವು ಬ್ಯಾಂಕುಗಳ ಮುಖ್ಯ ಕಚೇರಿ ಅಕ್ಕಪಕ್ಕಕ್ಕೆ ಹೋಗಿವೆ, ಹೆಸರು ಮಾತ್ರ ಉಳಿದಿದೆ.

ಕಾಮರ್ಸ್ ಕೋರ್ಟಿನ ಹಳೆಯ ಕಲ್ಲು ಕಟ್ಟಡವನ್ನು ತಪ್ಪಿಸಬೇಡಿ. 1931ರಲ್ಲಿ ಕಟ್ಟಿದ 34 ಮಹಡಿಯ ಇದು ಮೂವತ್ತು ವರ್ಷ ಇಡೀ ಬ್ರಿಟಿಷ್ ಸಾಮ್ರಾಜ್ಯದಲ್ಲೇ ಎತ್ತರದ ಕಟ್ಟಡವಾಗಿತ್ತಂತೆ. ಅಮೆರಿಕದ ಷೇರುಪೇಟೆ ಕುಸಿದು ಎರಡು ವರ್ಷಕ್ಕೆ, ಮಹಾ ಆರ್ಥಿಕ ಕುಸಿತದ ಮಧ್ಯೆ, ಒಂದು ಬ್ಯಾಂಕು ಇಂಥದ್ದನ್ನು ಕಟ್ಟಿ ಮುಗಿಸಿದೆ! ತಲೆ ಎತ್ತಿ ನೋಡಿದರೆ ತುದಿಯಲ್ಲಿ ನಾಲ್ಕೂ ದಿಕ್ಕಿಗೆ ಗಡ್ಡದ ದೊಡ್ಡ ಮುಖಗಳು. ನನಗೆ ಕಾರ್ಕಳದ ಚತುರ್ಮುಖ ಬಸದಿ ನೆನಪಾಯಿತು. ಅಲ್ಲಿ ನಾಲ್ಕೂ ಬಾಗಿಲಿಗೆ ತೀರ್ಥಂಕರರು, ಇಲ್ಲಿ ಬ್ಯಾಂಕಿನ ದೂರದೃಷ್ಟಿ.

ಗಂಡ ಅಲ್ಲೇ ಮೆಟ್ಟಿಲ ಮೇಲೆ ಕೂತು ತನ್ನ ವಾದ ಶುರು ಮಾಡಿದ. ಅವನ ವಾದ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಬ್ಯಾಂಕ್ ಆಫ್ ಮಾಂಟ್ರಿಯಲ್ ಶುರುವಾಗಿದ್ದು 1817ರಲ್ಲಿ. 1829ರಿಂದ ಒಂದು ವರ್ಷವೂ ಬಿಡದೆ ಡಿವಿಡೆಂಡ್ ಕೊಟ್ಟಿದೆ. ಅಂದರೆ ನಮ್ಮಲ್ಲಿ ಇನ್ನೂ ಕಂಪನಿ ಸರ್ಕಾರ ಇದ್ದಾಗಿನಿಂದ. ನೋವಾ ಸ್ಕೋಷಿಯಾ 1833ರಿಂದ, ಟಿಡಿ 1857ರಿಂದ, ಸಿಐಬಿಸಿ 1868ರಿಂದ, ರಾಯಲ್ ಬ್ಯಾಂಕ್ 1870ರಿಂದ. ಎರಡು ಮಹಾಯುದ್ಧ, ಮೂವತ್ತರ ದಶಕದ ಕುಸಿತ, 2008, ಕೋವಿಡ್ ಎಲ್ಲ ಬಂದು ಹೋದವು. 2008-09ರಲ್ಲಿ ಅಮೆರಿಕ, ಇಂಗ್ಲೆಂಡಿನ ಬ್ಯಾಂಕುಗಳು ಬಿದ್ದಾಗ ಇಲ್ಲಿನ ದೊಡ್ಡ ಬ್ಯಾಂಕುಗಳಲ್ಲಿ ಒಂದೂ ಮುಳುಗಲಿಲ್ಲ, ಒಂದೂ ಡಿವಿಡೆಂಡ್ ಇಳಿಸಲಿಲ್ಲ.

"ಇನ್ನೇನು ಬೇಕು ನಿಂಗೆ? ಗಾಜಿಗೆ ಚಿನ್ನ ಬಳಿದವರು ಮಾರಾಯ್ತಿ" ಅಂದ.

ಇದಕ್ಕೆ ಕಾರಣಗಳೂ ಇವೆ. ಈ ದೇಶದ ಬ್ಯಾಂಕಿಂಗ್ ಬಹುಪಾಲು ಆರು ಬ್ಯಾಂಕುಗಳ ಕೈಯಲ್ಲಿದೆ. ಮೇಲೆ ಹೇಳಿದ ಐದು, ಜೊತೆಗೆ ಮಾಂಟ್ರಿಯಲ್‌ನ ನ್ಯಾಷನಲ್ ಬ್ಯಾಂಕ್. ಹೊಸಬರು ಒಳಗೆ ಬರೋದು ಕಷ್ಟ. ದೊಡ್ಡ ಬ್ಯಾಂಕಿನ ವೋಟಿಂಗ್ ಷೇರುಗಳಲ್ಲಿ ಯಾರೊಬ್ಬರೂ ಶೇ 20ಕ್ಕಿಂತ ಹೆಚ್ಚು ಇಟ್ಟುಕೊಳ್ಳುವ ಹಾಗಿಲ್ಲ, ಆದ್ದರಿಂದ ಹೊರಗಿನವರು ಬಂದು ನುಂಗುವಂತಿಲ್ಲ. ಮನೆ ಸಾಲದಲ್ಲೂ ಬ್ಯಾಂಕಿಗೆ ರಕ್ಷಣೆ ಜಾಸ್ತಿ. ಶೇ 20ಕ್ಕಿಂತ ಕಡಿಮೆ ಡೌನ್ ಪೇಮೆಂಟ್ ಕಟ್ಟಿದರೆ ಸಾಲಕ್ಕೆ ಇನ್ಶೂರೆನ್ಸ್ ಕಡ್ಡಾಯ. ಅದರ ಪ್ರೀಮಿಯಂ ಸಾಲಗಾರನ ತಲೆಗೆ, ರಕ್ಷಣೆ ಬ್ಯಾಂಕಿಗೆ! ತಿಂಗಳು ತಿಂಗಳು ಬ್ಯಾಂಕ್ ಅಕೌಂಟಿಗೂ ಫೀಸ್ ಕಟ್ಟುತ್ತೇವೆ. ನಮ್ಮೂರಲ್ಲಿ ಉಳಿತಾಯ ಖಾತೆಗೆ ತಿಂಗಳ ಬಾಡಿಗೆ ಕೇಳಿದ್ದರೆ ಮ್ಯಾನೇಜರ್ ಎದುರು ಜಗಳವೇ ಆಗಿಬಿಡುತ್ತಿತ್ತು. ಗಿರಾಕಿಯಾಗಿ ಸಿಟ್ಟು ಬರಿಸುವ ಪ್ರತಿ ಸಂಗತಿಯೂ ಷೇರುದಾರನಿಗೆ ಸಿಹಿ ಸುದ್ದಿ ಅನ್ನೋದು ಗಂಡನ ಲೆಕ್ಕ.

ಆದರೆ ಕೆನಡಾದಲ್ಲಿ ಬ್ಯಾಂಕು ಮುಳುಗೋದೇ ಇಲ್ಲ ಅನ್ನೋ ಮಾತು ಪೂರ್ತಿ ನಿಜವಲ್ಲ. 1923ರಲ್ಲಿ ಹೋಮ್ ಬ್ಯಾಂಕ್ ಮುಳುಗಿತು. 1985ರಲ್ಲಿ ಆಲ್ಬರ್ಟಾದ ಎರಡು ಬ್ಯಾಂಕುಗಳು ಮುಚ್ಚಿದವು. 2008ರಲ್ಲೂ ದೊಡ್ಡ ಬ್ಯಾಂಕುಗಳು ಬರೀ ಸ್ವಂತ ಬಲದಲ್ಲಿ ನಿಂತಿದ್ದಲ್ಲ. ಕೈಯಲ್ಲಿ ನಗದು ಇರಲಿ ಅಂತ ಸರ್ಕಾರಿ ಸಂಸ್ಥೆಯೊಂದು ಅವುಗಳಿಂದ ಸುಮಾರು 69 ಶತಕೋಟಿ ಡಾಲರ್ ಮೊತ್ತದ ಮನೆ ಸಾಲಗಳನ್ನು ಕೊಂಡುಕೊಂಡಿತು. ಡಿವಿಡೆಂಡ್ ಇಳಿಯಲಿಲ್ಲ, ಸರಿ. ಷೇರಿನ ಬೆಲೆ? ಬ್ಯಾಂಕ್ ಆಫ್ ಮಾಂಟ್ರಿಯಲ್ ಷೇರು ಎಷ್ಟು ಬಿತ್ತೆಂದರೆ 2009ರ ಆರಂಭದಲ್ಲಿ ಬೆಲೆಗೆ ಹೋಲಿಸಿದ ಡಿವಿಡೆಂಡ್ ಶೇ 10ನ್ನೂ ದಾಟಿತ್ತು. ಆಗ ಕೊಂಡವರು ಗೆದ್ದರು. ಆಗ ಮಾರಬೇಕಾಗಿ ಬಂದವರ ಕಥೆಯನ್ನು ಆಫೀಸಿನ ಕಾಫಿ ಮೆಷಿನ್ ಹತ್ತಿರ ಯಾರೂ ಹೇಳೋದಿಲ್ಲ.

ಅಲ್ಲಿಂದ ಸ್ವಲ್ಪ ಕೆಳಗೆ ನಡೆದರೆ ಬೇ ಸ್ಟ್ರೀಟಿನಲ್ಲೇ 1937ರ ಹಳೆಯ ಸ್ಟಾಕ್ ಎಕ್ಸ್‌ಚೇಂಜ್ ಕಟ್ಟಡ. 1983ರಲ್ಲಿ ವ್ಯಾಪಾರ ಬೇರೆ ಕಡೆಗೆ ಹೋಯಿತು. ಮುಂಭಾಗದಲ್ಲಿ ಉದ್ದಕ್ಕೆ ಕಲ್ಲಿನ ಕೆತ್ತನೆ ಇದೆ: ಸಾಲಾಗಿ ದುಡಿಯುವ ಜನ, ಮಧ್ಯೆ ಟೋಪಿ ಹಾಕಿದ ಸಾಹುಕಾರ. ಸರಿಯಾಗಿ ನೋಡಿ, ಸಾಹುಕಾರನ ಕೈ ಮುಂದಿರುವ ಕಾರ್ಮಿಕನ ಜೇಬಿನೊಳಗೆ ಹೋದ ಹಾಗೆ ಕಾಣುತ್ತೆ. ಶಿಲ್ಪಿ ಬೇಕಂತಲೇ ಮಾಡಿದ್ದಾ ಅನ್ನೋ ತಮಾಷೆ ಊರಲ್ಲೆಲ್ಲ ಇದೆ. ನಾವು ಫೋಟೊ ತೆಗೆದುಕೊಂಡೆವು.

ಮತ್ತೆ ಹಿಂದೆ, ಟಿಡಿ ಸೆಂಟರಿನ ಕಪ್ಪು ಗೋಪುರಗಳ ಹಿಂಭಾಗಕ್ಕೆ ಹೋದರೆ ಹುಲ್ಲಿನ ಮೇಲೆ ಏಳು ಹಸುಗಳು ಮಲಗಿವೆ. ಕಂಚಿನವು. ಜೋ ಫಾಫರ್ಡ್ ಅನ್ನೋ ಶಿಲ್ಪಿ 1985ರಲ್ಲಿ ಮಾಡಿದ್ದು, ಹೆಸರು 'ದಿ ಪಾಸ್ಚರ್', ಅಂದರೆ ಹುಲ್ಲುಗಾವಲು. ಜಗತ್ತಿನ ಷೇರು ಬೀದಿಗಳೆಲ್ಲ ಕೊಂಬು ತಿರುಗಿಸಿ ನಿಂತ ಗೂಳಿಯನ್ನು ಇಟ್ಟುಕೊಂಡಿದ್ದರೆ ಇಲ್ಲಿ ಮೆಲುಕು ಹಾಕುತ್ತಾ ಮಲಗಿದ ಹಸುಗಳು. ನೋಡಿದ ಕೂಡಲೇ ಮನಸ್ಸಿಗೆ ಹಿತ ಆಗುತ್ತೆ. ಮಕ್ಕಳು ಹತ್ತಿ ಕೂತು ಬೆನ್ನೆಲ್ಲ ನುಣುಪಾಗಿದೆ. ಗಂಡ, "ನೋಡು, ಇದೇ ನಾನು ಹೇಳೋದು. ಹಾಲು ಕೊಡ್ತಾ ಇರುತ್ತೆ, ಹಸು ಮಾರೋದು ಯಾಕೆ?" ಅಂದ.

ಹಾಲು ಕೊಡುವ ಹಸುವಿಗೂ ಮೇವು ಬೇಕಲ್ಲ. ಕೆನಡಾ ದೊಡ್ಡ ದೇಶ, ಜನ ಮಾತ್ರ ಕರ್ನಾಟಕಕ್ಕಿಂತ ಕಡಿಮೆ. ಇಲ್ಲೇ ಬೆಳೆಯಲು ಜಾಗ ಹೆಚ್ಚಿಲ್ಲ. 1998ರಲ್ಲಿ ರಾಯಲ್ ಮತ್ತು ಮಾಂಟ್ರಿಯಲ್ ಒಂದಾಗಲು, ಸಿಐಬಿಸಿ ಮತ್ತು ಟಿಡಿ ಒಂದಾಗಲು ಹೊರಟಿದ್ದವು. ಹಣಕಾಸು ಸಚಿವ ಪಾಲ್ ಮಾರ್ಟಿನ್ ಎರಡನ್ನೂ ತಡೆದರು. ಹಾಗಾಗಿ ಎಲ್ಲರೂ ಹೊರಗೆ ಹೋದರು. ಟಿಡಿ ಅಮೆರಿಕಕ್ಕೆ ಹೋಗಿ ದೊಡ್ಡದಾಯಿತು. 2024ರಲ್ಲಿ ಅಕ್ರಮ ಹಣ ಸಾಗಾಟ ತಡೆಯದ ಪ್ರಕರಣದಲ್ಲಿ ಅಲ್ಲಿ ತಪ್ಪೊಪ್ಪಿಕೊಂಡು 3 ಶತಕೋಟಿ ಡಾಲರಿಗೂ ಹೆಚ್ಚು ದಂಡ ಕಟ್ಟಿತು, ಮೇಲಿಂದ ಅಲ್ಲಿನ ರಿಟೇಲ್ ವ್ಯವಹಾರ ಇಷ್ಟಕ್ಕಿಂತ ಬೆಳೆಯಬಾರದು ಅಂತ ಮಿತಿಯೂ ಬಿತ್ತು. ಮಾಂಟ್ರಿಯಲ್ 2023ರಲ್ಲಿ ಕ್ಯಾಲಿಫೋರ್ನಿಯಾದ ಬ್ಯಾಂಕ್ ಆಫ್ ದಿ ವೆಸ್ಟನ್ನು ಕೊಂಡಿತು. ಸ್ಕೋಷಿಯಾ ಮೆಕ್ಸಿಕೊ, ಪೆರು, ಚಿಲಿ, ಕೊಲಂಬಿಯಾ ಕಡೆಗೆ ಹೋಯಿತು. ಅದಕ್ಕೆ ಹೊರದೇಶದ ಚಾಳಿ ಹಳೆಯದು ಬಿಡಿ, ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1889ರಲ್ಲೇ ಶಾಖೆ ತೆರೆದಿತ್ತು. 'ಬ್ಯಾಂಕ್ ಷೇರು' ಅಂತ ಒಂದೇ ಉಸಿರಿಗೆ ಹೇಳಿದರೂ ಆರೂ ಬೇರೆ ಬೇರೆ ಹಸುಗಳು.

ಸ್ಕೋಷಿಯಾದ್ದೇ ಉದಾಹರಣೆ ತಗೊಳ್ಳಿ. 2022ರ ಆರಂಭದಲ್ಲಿ 90 ಡಾಲರ್ ದಾಟಿದ್ದ ಷೇರು 2023ರ ಅಕ್ಟೋಬರಿಗೆ 60ಕ್ಕಿಂತ ಕೆಳಗಿತ್ತು. ಡಿವಿಡೆಂಡ್ ಮಾತ್ರ ತಪ್ಪದೆ ಬರುತ್ತಿತ್ತು. ಬೆಲೆ ಬಿದ್ದಿದ್ದರಿಂದ ಡಿವಿಡೆಂಡ್ ಶೇಕಡ ಲೆಕ್ಕದಲ್ಲಿ ಶೇ 7ರ ಮೇಲೆ ಕಾಣುತ್ತಿತ್ತು. ಆ್ಯಪ್‌ನಲ್ಲಿ ಶೇ 7 ಅಂತ ಹಸಿರು ಅಕ್ಷರ ನೋಡಿದರೆ ಯಾರಿಗೆ ಆಸೆ ಆಗೋದಿಲ್ಲ? ನನ್ನ ಅಭಿಪ್ರಾಯದಲ್ಲಿ ಅದು ಆಸೆ ಪಡುವ ಅಂಕಿಯಲ್ಲ, ಪ್ರಶ್ನೆ ಕೇಳುವ ಅಂಕಿ. ಒಂದು ಬ್ಯಾಂಕು ಉಳಿದವಕ್ಕಿಂತ ತುಂಬಾ ಹೆಚ್ಚು ಡಿವಿಡೆಂಡ್ ಕೊಡುವಂತೆ ಕಂಡರೆ, ಮಾರುಕಟ್ಟೆಗೆ ಅದರ ಮೇಲೆ ಏನೋ ಅನುಮಾನ ಇದೆ ಅಂತಲೇ ಅರ್ಥ. ಅನುಮಾನ ತಪ್ಪೂ ಇರಬಹುದು. ಆದರೆ ಅದನ್ನು ಕಂಡುಹಿಡಿಯಲು ತಾಳ್ಮೆ ಬೇಕು, ವರ್ಷಗಳು ಬೇಕು.

ಚಳಿ ಜಾಸ್ತಿಯಾಗಿ ನಾವು ಪಾತ್‌ಗೆ ಇಳಿದೆವು. ಕಟ್ಟಡದಿಂದ ಕಟ್ಟಡಕ್ಕೆ ನೆಲದಡಿಯಲ್ಲೇ ಹೋಗುವ ದಾರಿ, ಒಟ್ಟು 30 ಕಿಲೋಮೀಟರಿಗೂ ಹೆಚ್ಚು ಉದ್ದ. ವಾರದ ದಿನ ಜನಜಾತ್ರೆ, ಶನಿವಾರ ಬಹಳಷ್ಟು ಅಂಗಡಿಗೆ ಬೀಗ. ತೆರೆದಿದ್ದ ಒಂದು ಟಿಮ್ ಹಾರ್ಟನ್ಸ್‌ನಲ್ಲಿ ಕಾಫಿ ಹಿಡಿದು ಕೂತು ಅಪ್ಪಯ್ಯನಿಗೆ ಫೋನ್ ಮಾಡಿದೆ.

ಅಪ್ಪಯ್ಯ ಉಡುಪಿಯ ಬ್ಯಾಂಕ್ ನೌಕರರು, ಈಗ ನಿವೃತ್ತರು. ಕರಾವಳಿಯ ಮನೆಗಳಲ್ಲಿ ಬ್ಯಾಂಕ್ ಅಂದರೆ ಬರೀ ಬ್ಯಾಂಕಲ್ಲ, ಅಭಿಮಾನ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಕೆನಡಾದ ಕಥೆ ಕೇಳಿದರೆ ನಮ್ಮದೇ ಅನ್ನಿಸುತ್ತೆ. ಸ್ಕೋಷಿಯಾ, ರಾಯಲ್ ಎರಡೂ ಹುಟ್ಟಿದ್ದು ಟೊರಾಂಟೊದಲ್ಲಲ್ಲ, ಅಟ್ಲಾಂಟಿಕ್ ದಂಡೆಯ ಹ್ಯಾಲಿಫ್ಯಾಕ್ಸ್ ಅನ್ನೋ ಬಂದರಿನಲ್ಲಿ, ವರ್ತಕರ ದುಡ್ಡಿನಿಂದ. ಎರಡೂ ಕಡೆ ಸಮುದ್ರ, ಮೀನು, ಹಡಗು, ಆಮೇಲೆ ಬ್ಯಾಂಕು.

ಅಪ್ಪಯ್ಯನಿಗೆ ಎಲ್ಲ ವಿವರಿಸಿದೆ. 195 ವರ್ಷ ತಪ್ಪದ ಡಿವಿಡೆಂಡ್ ಅಂತ ಒತ್ತಿ ಹೇಳಿದೆ.

"ಬ್ಯಾಂಕಿಗೆ ಇನ್ನೂರು ವರ್ಷ ಆದ್ರೆ ನಿನಗೆಂತ ಮಗಾ? ನಿನ್ನ ದುಡ್ಡಿಗೆ ಎಷ್ಟು ವರ್ಷ ಉಂಟು, ಅದು ಹೇಳು."

"ಎರಡು ವರ್ಷ. ಹೆಚ್ಚಂದ್ರೆ ಮೂರು."

"ಹಾಗಾದ್ರೆ ಇದು ಡೆಪಾಸಿಟ್ಟಿನ ದುಡ್ಡು. ಷೇರಿನದ್ದಲ್ಲ." ಸ್ವಲ್ಪ ತಡೆದು, "ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಬೋರ್ಡು ಇಳಿಯುತ್ತೆ ಅಂತ ಯಾರಾದ್ರೂ ಎಣಿಸಿದ್ರಾ? ಡೆಪಾಸಿಟ್ ಇಟ್ಟವರಿಗೆ ಎಂತ ಆಗ್ಲಿಲ್ಲ. ಷೇರು ಇಟ್ಟವರದ್ದು ಬೇರೆ ಲೆಕ್ಕ" ಅಂದರು. ಅವರು ಹೇಳಿದ್ದು ನಿಜ. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ ಸೇರಿದಾಗ 1,000 ಸಿಂಡಿಕೇಟ್ ಷೇರಿಗೆ ಸಿಕ್ಕಿದ್ದು 158 ಕೆನರಾ ಷೇರು. ಅದು ಆಗಿನ ಬೆಲೆಯ ಲೆಕ್ಕಾಚಾರ, ಅನ್ಯಾಯ ಅನ್ನಲಾಗದು. ಡೆಪಾಸಿಟ್ ಮಾತ್ರ ರೂಪಾಯಿಗೆ ರೂಪಾಯಿ ಹಾಗೇ ಇತ್ತು. ಬ್ಯಾಂಕಿಗೆ ಸಾಲ ಕೊಡೋದು ಬೇರೆ, ಬ್ಯಾಂಕಿನಲ್ಲಿ ಪಾಲುದಾರ ಆಗೋದು ಬೇರೆ.

ಕಾಫಿ ಕಪ್ಪಿನ ಪಕ್ಕ ಟಿಶ್ಯೂ ಮೇಲೆ ಲೆಕ್ಕ ಹಾಕಿದೆವು. 58,000 ಡಾಲರ್ ಪೂರ್ತಿ ಬ್ಯಾಂಕ್ ಷೇರಿಗೆ ಹಾಕಿದರೆ ಶೇ 4.5ರಂತೆ ವರ್ಷಕ್ಕೆ 2,610 ಡಾಲರ್ ಡಿವಿಡೆಂಡ್. ಇಲ್ಲಿನ ಎಫ್‌ಡಿಗೆ ಜಿಐಸಿ ಅಂತಾರೆ, ಅದರಲ್ಲಿ ಶೇ 3 ಹಿಡಿದರೂ 1,740. ವ್ಯತ್ಯಾಸ 870 ಡಾಲರ್. ಷೇರು ಏರಿದರೆ ಇನ್ನೂ ಲಾಭ, ಅದು ನಿಜ. ಆದರೆ 2022-23ರಲ್ಲಿ ಸ್ಕೋಷಿಯಾ ಬಿದ್ದಂತೆ ಮೂರನೇ ಒಂದರಷ್ಟು ಬಿದ್ದರೆ 19,000 ಡಾಲರ್ ಹೋಯಿತು. ದೀರ್ಘಕಾಲದಲ್ಲಿ ವಾಪಸ್ ಬರಬಹುದು. ಮನೆ ಮಾರುವವನು ಅಲ್ಲಿಯವರೆಗೆ ಕಾಯೋದಿಲ್ಲ. ಗಂಡ ಟಿಶ್ಯೂವನ್ನು ತಿರುಗಿಸಿ ತಿರುಗಿಸಿ ನೋಡಿದ, ಏನೂ ಹೇಳಲಿಲ್ಲ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇನ್ನೊಂದು ವಿಷಯ. ಗಂಡ ಕೆಲಸ ಮಾಡೋದು ಒಂದು ಬ್ಯಾಂಕಿನ ಸಾಫ್ಟ್‌ವೇರ್ ಕಾಂಟ್ರಾಕ್ಟ್‌ನಲ್ಲಿ. ನಾಳೆ ಮನೆ ಸಾಲ ತಗೊಳ್ಳೋದು ಬ್ಯಾಂಕಿನಿಂದ. ಉಳಿತಾಯವನ್ನೂ ಬ್ಯಾಂಕಿನ ಷೇರಿಗೆ ಹಾಕಿದರೆ? ಇಲ್ಲಿ ಮನೆ ಸಾಲದ ಬಡ್ಡಿ ನಮ್ಮೂರಿನ ಹಾಗಲ್ಲ. 25 ವರ್ಷದ ಸಾಲ ಆದರೂ ಬಡ್ಡಿ ದರ ಸಾಮಾನ್ಯವಾಗಿ ಐದು ವರ್ಷಕ್ಕೆ ಮಾತ್ರ. ಆಮೇಲೆ ಆಗಿನ ದರಕ್ಕೆ ನವೀಕರಣ. 2021ರಲ್ಲಿ ಶೇ 2ಕ್ಕೆ 5 ಲಕ್ಷ ಡಾಲರ್ ಸಾಲ ಮಾಡಿದವರು ತಿಂಗಳಿಗೆ ಸುಮಾರು 2,120 ಕಟ್ಟುತ್ತಿದ್ದರು. ಐದು ವರ್ಷದ ನಂತರ ಶೇ 4.5 ಆದರೆ ಅದೇ ಸಾಲಕ್ಕೆ ಸುಮಾರು 2,650. ಬ್ಯಾಂಕ್ ಆಫ್ ಕೆನಡಾ 2022ರ ಆರಂಭದಲ್ಲಿ ಶೇ 0.25 ಇದ್ದ ದರವನ್ನು 2023ರ ಜುಲೈಗೆ ಶೇ 5ಕ್ಕೆ ಒಯ್ದಿತ್ತು, 2024ರ ಜೂನ್‌ನಿಂದ ಇಳಿಸಿತು. ಹೀಗೆ ಕಂತು ಏರಿ ಜನ ಕಟ್ಟಲಾಗದೆ ಹೋದರೆ ಬ್ಯಾಂಕುಗಳು ನಷ್ಟಕ್ಕೆ ದುಡ್ಡು ತೆಗೆದಿಡಬೇಕು, ಷೇರು ಬೀಳುತ್ತೆ, ಮನೆ ಬೆಲೆ ಬೀಳುತ್ತೆ, ಕಾಂಟ್ರಾಕ್ಟ್ ಕೆಲಸಗಳಿಗೆ ಕತ್ತರಿ ಬೀಳುತ್ತೆ. ಎಲ್ಲ ಒಂದೇ ದಿನಗಳಲ್ಲಿ. ಸಂಬಳ, ಸೂರು, ಉಳಿತಾಯ ಮೂರನ್ನೂ ಒಂದೇ ಗೂಟಕ್ಕೆ ಕಟ್ಟಿದ ಹಾಗೆ. ಟೊರಾಂಟೊ ಮಾರುಕಟ್ಟೆಯ ಇಂಡೆಕ್ಸ್ ಫಂಡ್ ತಗೊಂಡರೂ ಅದರಲ್ಲಿ ಸುಮಾರು ಮೂರನೇ ಒಂದು ಪಾಲು ಹಣಕಾಸು ಕಂಪನಿಗಳೇ. ಅಂದರೆ ಬ್ಯಾಂಕ್ ಬೇಡ ಅಂದವರ ಹತ್ತಿರವೂ ಬ್ಯಾಂಕ್ ಇರುತ್ತೆ.

ಇಷ್ಟಾದ ಮೇಲೆ ಇಬ್ಬರೂ ಒಪ್ಪಿದ ಏರ್ಪಾಡು ಇದು. 58,000 ಷೇರಿಗೆ ಇಲ್ಲ. ಮೊದಲ ಮನೆಗೆಂದೇ 2023ರಲ್ಲಿ ಶುರುವಾದ ಎಫ್‌ಎಚ್‌ಎಸ್‌ಎ ಖಾತೆಯಲ್ಲಿ ತಲಾ ವರ್ಷಕ್ಕೆ 8,000 ಡಾಲರ್ ತನಕ ಹಾಕಿ ತೆರಿಗೆ ಉಳಿಸೋದು, ಅದರೊಳಗೂ ಜಿಐಸಿಯೇ. ಉಳಿದದ್ದೂ ಜಿಐಸಿ. ಇನ್ನು ಮುಂದಿನ ತಿಂಗಳ ಉಳಿತಾಯದಲ್ಲಿ 400 ಡಾಲರ್ ಹದಿನೈದು ವರ್ಷ ಮುಟ್ಟದ ದುಡ್ಡು. ಅದು ಟಿಎಫ್‌ಎಸ್‌ಎಗೆ, ಅಲ್ಲಿ ಡಿವಿಡೆಂಡಿಗೂ ಲಾಭಕ್ಕೂ ತೆರಿಗೆ ಇಲ್ಲ. ಆ 400ರಲ್ಲಿ 100 ಡಾಲರ್ ಗಂಡನ ಬ್ಯಾಂಕುಗಳಿಗೆ, ಅದೂ ಒಂದನ್ನೇ ಆರಿಸದೆ ಆರನ್ನೂ ಸಮಪಾಲಿನಲ್ಲಿ ಇಟ್ಟುಕೊಳ್ಳುವ ಇಟಿಎಫ್ ಮೂಲಕ. ಉಳಿದ 300 ಕೆನಡಾದ ಹೊರಗೆ. ಅವನಿಗೆ 200 ಬೇಕಿತ್ತು. ಚೌಕಾಶಿ ಇನ್ನೂ ನಡೆಯುತ್ತಿದೆ.

ಊರಿನಲ್ಲೇ ಕೂತು ಇವನ್ನು ಕೊಳ್ಳಬಹುದಾ ಅಂತ ನನ್ನ ತಮ್ಮ ಕೇಳಿದ. ಕೊಳ್ಳಬಹುದು. ನ್ಯಾಷನಲ್ ಬ್ಯಾಂಕ್ ಬಿಟ್ಟು ಉಳಿದ ಐದೂ ನ್ಯೂಯಾರ್ಕ್ ಷೇರುಪೇಟೆಯಲ್ಲಿವೆ. ಆರ್‌ಬಿಐ ನಿಯಮದಂತೆ ವರ್ಷಕ್ಕೆ 2.5 ಲಕ್ಷ ಅಮೆರಿಕನ್ ಡಾಲರ್ ತನಕ ಹೊರಗೆ ಕಳಿಸಬಹುದು. ಆದರೆ ಡಿವಿಡೆಂಡ್ ಕೈಗೆ ಬರುವ ಮೊದಲೇ ಕೆನಡಾ ಶೇ 25 ತೆರಿಗೆ ಹಿಡಿದುಕೊಳ್ಳುತ್ತೆ. ಭಾರತದಲ್ಲಿ ರಿಟರ್ನ್ ತುಂಬುವಾಗ ಅದನ್ನು ಹೊಂದಿಸಿಕೊಳ್ಳಲು ಬೇರೆ ಫಾರ್ಮ್, ವಿದೇಶಿ ಆಸ್ತಿ ತೋರಿಸಲು ಬೇರೆ ಪಟ್ಟಿ. ಡಿವಿಡೆಂಡಿಗಾಗಿಯೇ ಕೊಳ್ಳುವ ಷೇರಿನಲ್ಲಿ ಕಾಲು ಭಾಗ ಮೊದಲೇ ಹೋದರೆ ಆ ಕಾಗದಪತ್ರದ ಕೆಲಸ ಯಾಕೆ ಅನ್ನೋದು ನನ್ನ ಅನಿಸಿಕೆ. ತಮ್ಮನಿಗೆ ಬೇಡ ಅಂದೆ.

ನೀವು ಟೊರಾಂಟೊಗೆ ಬಂದರೆ ಈ ಬೀದಿಗೆ ಅರ್ಧ ದಿನ ಕೊಡಿ. ಪೈಸೆ ಖರ್ಚಿಲ್ಲ. ಹಸುಗಳ ಫೋಟೊ ಬೆಳಗ್ಗೆ ಚೆನ್ನಾಗಿ ಬರುತ್ತೆ, ಬಂಗಾರದ ಗಾಜು ನೋಡಲು ಸಂಜೆ ನಾಲ್ಕರ ಬಿಸಿಲು ಸರಿ. ವಾಪಸ್ ಹೋಗುವಾಗ ಫ್ರಂಟ್ ಮತ್ತು ಯಂಗ್ ಸ್ಟ್ರೀಟ್ ಮೂಲೆಯಲ್ಲಿ 1885ರಲ್ಲಿ ಕಟ್ಟಿದ ಬ್ಯಾಂಕ್ ಆಫ್ ಮಾಂಟ್ರಿಯಲ್‌ನ ಹಳೆಯ ಶಾಖೆ ಸಿಗುತ್ತೆ. ಈಗ ಅದು ಹಾಕಿ ಹಾಲ್ ಆಫ್ ಫೇಮ್ ಮ್ಯೂಸಿಯಂ. ಒಂದು ಕಾಲಕ್ಕೆ ಜನರ ದುಡ್ಡು ಇಡುತ್ತಿದ್ದ ದಪ್ಪ ಬಾಗಿಲಿನ ಭದ್ರತಾ ಕೋಣೆಯಲ್ಲಿ ಈಗ ಸ್ಟಾನ್ಲಿ ಕಪ್‌ನ ಮೂಲ ಬೆಳ್ಳಿ ಬಟ್ಟಲು ಇದೆ. ಅಲ್ಲಿಗೆ ಮಾತ್ರ ಟಿಕೆಟ್ ಉಂಟು.